ಮಕ್ರಾನ್ ಕರಾವಳಿ, 1861: ತಂತಿ ಸಾಲಿಗೆ ಮರುಭೂಮಿಯ ಊರುಗಳ ಸರ್ವೆ ಹೇಗೆ ನಡೆಯುತ್ತಿತ್ತು?

ಗಡಿಕಲ್ಲು
ಭಾರತವನ್ನು ಯುರೋಪಿಗೆ ಜೋಡಿಸಿದ ಇಂಡೋ-ಯುರೋಪಿಯನ್ ಟೆಲಿಗ್ರಾಫಿನ ಕಥೆ ಹೇಳುವವರು ನೇರವಾಗಿ 1864ರ ಪರ್ಷಿಯನ್ ಕೊಲ್ಲಿಯ ಕೇಬಲ್ಲಿಗೆ ಹೋಗಿಬಿಡುತ್ತಾರೆ. ಅದಕ್ಕೆ ಮೊದಲು ನಡೆದ ನೆಲದ ಸರ್ವೆ ಬಗ್ಗೆ ಮಾತಾಡೋಣ ಅಂತ ಈ ಚರ್ಚೆ.

ಹಿನ್ನೆಲೆ ಇಷ್ಟು. 1859–60ರಲ್ಲಿ ಸೂಯೆಜ್–ಏಡನ್–ಕರಾಚಿ ಕೆಂಪು ಸಮುದ್ರದ ಕೇಬಲ್ ಹಾಕಿದರು. ತುಂಬ ಬಿಗಿಯಾಗಿ ಎಳೆದಿದ್ದರು, ಏರುತಗ್ಗಿನ ಸಮುದ್ರತಳದ ಮೇಲೆ ಅದು ಅಲ್ಲಲ್ಲಿ ತೂಗಾಡುತ್ತಿತ್ತು. ಒಂದೊಂದೇ ತುಂಡು ಕೆಟ್ಟು ಇಡೀ ಯೋಜನೆ ಮುಳುಗಿತು. ಹಾಗಾಗಿ ಭಾರತ ಸರ್ಕಾರ ಕರಾಚಿಯಿಂದ ಪಶ್ಚಿಮಕ್ಕೆ ನೆಲದ ಮೇಲೆಯೇ ತಂತಿ ಎಳೆಯಬಹುದೇ ನೋಡಿ ಅಂತ 1861ರ ಡಿಸೆಂಬರಿನಲ್ಲಿ ಸೇನಾಧಿಕಾರಿ ಫ್ರೆಡೆರಿಕ್ ಗೋಲ್ಡ್‌ಸ್ಮಿಡ್ ಅವರನ್ನು ಮಕ್ರಾನಿಗೆ, ಅಂದರೆ ಇಂದಿನ ಪಾಕಿಸ್ತಾನ–ಇರಾನಿನ ಅರಬ್ಬೀ ಸಮುದ್ರದ ಕರಾವಳಿಗೆ, ಕಳಿಸಿತು. 1863ರ ಹೊತ್ತಿಗೆ ಕರಾಚಿ–ಗ್ವಾದರ್ ಸಾಲು ನಿಂತಿತ್ತು. ಅಂದಾಜು 400 ಮೈಲಿ.

ನನ್ನ ಪ್ರಶ್ನೆ: ಕರಾವಳಿಗೆ ಸಮಾನಾಂತರವಾಗಿ ಒಳಗೆ ಕೋಲ್ವಾ, ಕೇಜ್ ಕಣಿವೆಗಳಿವೆ. ಅಲ್ಲಿ ನೀರಿದೆ, ಖರ್ಜೂರದ ತೋಟಗಳಿವೆ, ಜನ ಇದ್ದಾರೆ. ಅದನ್ನು ಬಿಟ್ಟು ಸೋನ್‌ಮಿಯಾನಿ, ಓರ್ಮಾರಾ, ಪಸ್ನಿಯಂಥ ಬರಡು ಮೀನುಗಾರ ಊರುಗಳನ್ನೇ ಯಾಕೆ ಹಿಡಿದರು? ಒಂದು ಊರಿಗೆ ಹೋದ ಸರ್ವೆಯವರು ಏನೇನು ಬರೆದುಕೊಳ್ಳಬೇಕಿತ್ತು? ಕೆಲಸದ ವಿವರ ಗೊತ್ತಿರುವವರು ಬರೆಯಿರಿ.

ಒರತೆ
ನೀರಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಮಕ್ರಾನ್ ಕರಾವಳಿಯ ಬಾವಿ ಅಂದರೆ ನಮ್ಮ ಕಲ್ಲುಕಟ್ಟಿದ ಬಾವಿ ಅಲ್ಲ. ಮರಳಿನಲ್ಲಿ ತೋಡಿದ ಗುಂಡಿ. ಮಳೆನೀರು ಮರಳಿಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗಿನ ಸಿಹಿನೀರಿನ ಪದರವಾಗಿ ನಿಂತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅದಕ್ಕೇ ತೇಲುತ್ತದೆ. ಆಳವಾಗಿ ತೋಡಿದರೆ ಅಥವಾ ಒಂದೇ ಕಡೆ ಜೋರಾಗಿ ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಒಮ್ಮೆ ಕೆಟ್ಟ ಗುಂಡಿ ಸುಧಾರಿಸಲು ವಾರಗಳೇ ಬೇಕು. ಆದ್ದರಿಂದ 'ಇಲ್ಲಿ ಬಾವಿ ಇದೆ, ನೀರು ಸಿಹಿ' ಅಂತ ಬರೆದುಕೊಂಡರೆ ಸರ್ವೆ ಆದಂತಲ್ಲ. ಗುಂಡಿಯಲ್ಲಿ ಎಷ್ಟು ನೀರು ನಿಂತಿದೆ ಅಳೆಯಬೇಕು, ಒಂದಷ್ಟು ಸೇದಿ ಮಟ್ಟ ಇಳಿಸಬೇಕು, ಮತ್ತೆ ಮೊದಲಿನ ಮಟ್ಟಕ್ಕೆ ಏರಲು ಎಷ್ಟು ಹೊತ್ತು ಹಿಡಿಯಿತು ನೋಡಬೇಕು, ಆಮೇಲೆ ಮತ್ತೆ ರುಚಿ ನೋಡಬೇಕು. ಎರಡನೇ ರುಚಿಯೇ ನಿಜವಾದ ಉತ್ತರ.

ಲೆಕ್ಕ ಹಾಕಿ. 50 ಒಂಟೆಗಳ ತಂಡ ಮೂರ್ನಾಲ್ಕು ದಿನ ನಡೆದು ಬಂದರೆ ತಲಾ 60 ಲೀಟರ್ ಅಂದರೂ 3,000 ಲೀಟರ್. ಚರ್ಮದ ಬೊಕ್ಕಣದಲ್ಲಿ ನಿಮಿಷಕ್ಕೆ 20 ಲೀಟರ್ ಸೇದಿದರೆ ಎರಡೂವರೆ ಗಂಟೆಯ ಕೆಲಸ. ಅಷ್ಟು ಹೊತ್ತು ಆ ಮರಳುಗುಂಡಿ ತಾಳುವುದಿಲ್ಲ. ಇದಕ್ಕೆ ಉಪಾಯ, ಒಂದು ಆಳದ ಬಾವಿಯ ಬದಲು ಅಲ್ಲಲ್ಲಿ ಅಗಲವಾದ, ಆಳವಿಲ್ಲದ ನಾಲ್ಕೈದು ಗುಂಡಿ ತೋಡುವುದು. ಊರಿನವರಿಗೆ ಇದು ಗೊತ್ತು. ತಂಡದವರು ಬಂದು ಅವರ ಗುಂಡಿಯನ್ನೇ ಬರಿದು ಮಾಡಿದರೆ ಮಾರನೇ ದಿನ ತಂತಿ ಕಾಯುವವರು ಯಾರು? ಊರಿನ ಕುಡಿಯುವ ನೀರನ್ನು ಮುಟ್ಟದೆ ಬೇರೆ ಜಾಗ ಗುರುತಿಸುವುದೂ ಸರ್ವೆಯ ಭಾಗವೇ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ದೋಣಿಕಟ್ಟೆ
ಒಳನಾಡು ಯಾಕೆ ಬೇಡವಾಯಿತು ಅನ್ನುವುದಕ್ಕೆ ಸಾಗಣೆಯ ಲೆಕ್ಕ ಹಾಕಿದರೆ ಸಾಕು.

ಆ ಕಾಲದಲ್ಲಿ ಬಳಕೆಯಲ್ಲಿದ್ದ 8ನೇ ನಂಬರಿನ ಕಬ್ಬಿಣದ ತಂತಿಯ ವ್ಯಾಸ 4.2 ಮಿಲಿಮೀಟರ್ ಹತ್ತಿರ. ಒಂದು ಮೈಲಿಗೆ ಸುಮಾರು 173 ಕಿಲೋ ತೂಗುತ್ತದೆ. ಒಂದು ಒಂಟೆಯ ಹೊರೆ ಹೆಚ್ಚುಕಡಿಮೆ ಅಷ್ಟೇ. ಅಂದರೆ ತಂತಿಗೆ ಮೈಲಿಗೊಂದು ಒಂಟೆ, ಅದೇನು ದೊಡ್ಡದಲ್ಲ. ಭಾರವೆಲ್ಲ ಕಂಬದಲ್ಲಿದೆ. ಮೈಲಿಗೆ 20 ಕಂಬ, ಕಬ್ಬಿಣದ್ದಾದರೆ ಒಂದೊಂದು 90–100 ಕಿಲೋ ಅಂತಿಟ್ಟುಕೊಳ್ಳಿ. ಮೈಲಿಗೆ ಎರಡು ಟನ್, ಹನ್ನೊಂದು ಹನ್ನೆರಡು ಒಂಟೆ. 400 ಮೈಲಿಗೆ ಕಂಬ ತಂತಿ ಎಲ್ಲ ಸೇರಿ 5,000 ಒಂಟೆಹೊರೆ ಹತ್ತಿರ ಬಂತು. ಇಷ್ಟನ್ನು ಕರಾಚಿಯಿಂದ ನಡೆಸಿಕೊಂಡು ಹೋಗುವುದೆಂದರೆ ದಾರಿಯ ಮೇವು ನೀರಿಗೇ ಇನ್ನೊಂದು ಅಷ್ಟು ಒಂಟೆ ಬೇಕು.

ಕರಾವಳಿಯಲ್ಲಿ ಹಾಗಿಲ್ಲ. ಸಾಮಾನನ್ನು ದೋಣಿಯಲ್ಲಿ ತಂದು ಓರ್ಮಾರಾದಲ್ಲಿ ಇಳಿಸಿ, ಪಸ್ನಿಯಲ್ಲಿ ಇಳಿಸಿ, ಗ್ವಾದರಿನಲ್ಲಿ ಇಳಿಸಿ. ಎರಡು ಇಳಿದಾಣಗಳ ನಡುವೆ 70–80 ಮೈಲಿ ಇದ್ದರೆ ಯಾವ ಕಂಬವನ್ನೂ 40 ಮೈಲಿಗಿಂತ ದೂರ ಹೊರಬೇಕಿಲ್ಲ, ಎರಡು ಮೂರು ದಿನದ ನಡಿಗೆ. ಅದೇ ಒಂಟೆ ವಾಪಸು ಬಂದು ಮತ್ತೆ ಹೊರುತ್ತದೆ, ನೂರಿನ್ನೂರು ಒಂಟೆಯಲ್ಲಿ ಕೆಲಸ ಸಾಗುತ್ತದೆ. ಆ 'ಬರಡು ಮೀನುಗಾರ ಊರು'ಗಳು ಆಯ್ಕೆಯಾಗಿದ್ದು ಊರು ಅನ್ನುವ ಕಾರಣಕ್ಕಲ್ಲ, ದೋಣಿ ನಿಲ್ಲುವ ಜಾಗ ಅನ್ನುವ ಕಾರಣಕ್ಕೆ.

ಆದರೆ ದಡ ಇದ್ದಕಡೆಯೆಲ್ಲ ಇಳಿಸಲು ಬರುವುದಿಲ್ಲ. ಮಕ್ರಾನಿನ ತೀರ ಬಹುಪಾಲು ತೆರೆದ ಮರಳದಂಡೆ. ಜೂನಿನಿಂದ ಆಗಸ್ಟ್ ಮುಗಿಯುವವರೆಗೆ ನೈಋತ್ಯ ಮಾನ್ಸೂನಿನ ಅಲೆಗೆ ಸಾಮಾನು ಇಳಿಸುವುದು ಅಸಾಧ್ಯ. ಓರ್ಮಾರಾ ಮತ್ತು ಗ್ವಾದರ್ ಇದಕ್ಕೆ ಅಪವಾದ. ಎರಡೂ ಕಡೆ ಸಮುದ್ರದೊಳಗೆ ಒಂದು ಕಡಿದಾದ ಗುಡ್ಡ, ಅದನ್ನು ನೆಲಕ್ಕೆ ಸೇರಿಸುವ ಕಿರಿದಾದ ಮರಳಪಟ್ಟಿ, ಪಟ್ಟಿಯ ಎರಡೂ ಬದಿ ಕೊಲ್ಲಿ. ಗ್ವಾದರಿನಲ್ಲಿ ಪಶ್ಚಿಮದ್ದು ಪದ್ದಿ ಜಿರ್, ಪೂರ್ವದ್ದು ದೇಮಿ ಜಿರ್. ಗಾಳಿ ಒಂದು ಕಡೆಯಿಂದ ಹೊಡೆದರೆ ಇನ್ನೊಂದು ಕಡೆ ಆಸರೆ. ಕೇಬಲ್ಲಿನ ನೆಲದ ತುದಿಯಾಗಿ ಗ್ವಾದರನ್ನೇ ಆರಿಸಿದ್ದರಲ್ಲಿ ಇದರ ಪಾಲು ದೊಡ್ಡದು.

ಓಮ್_ಮೈಲಿ
ಇಬ್ಬರೂ ಹೇಳಿದ್ದು ಸರಿ, ಆದರೆ ಕರಾವಳಿ ಹಿಡಿದದ್ದಕ್ಕೆ ತೆತ್ತ ಬೆಲೆಯೂ ದಾಖಲಾಗಲಿ. ಉಪ್ಪಿನ ಇಬ್ಬನಿ.

ಹಗಲೆಲ್ಲ ಸಮುದ್ರದ ಗಾಳಿ ಉಪ್ಪಿನ ಧೂಳನ್ನು ಇನ್ಸುಲೇಟರಿನ (ವಿದ್ಯುತ್ ಕಂಬಕ್ಕೆ ಸೋರದಂತೆ ತಂತಿಯನ್ನು ಹಿಡಿಯುವ ಪಿಂಗಾಣಿ) ಮೇಲೆ ಕೂರಿಸುತ್ತದೆ. ರಾತ್ರಿ ಇಬ್ಬನಿ ಬಿದ್ದಾಗ ಅದು ಕರಗಿ ಪಿಂಗಾಣಿಯ ಮೇಲೆ ವಿದ್ಯುತ್ ಹರಿಯುವ ಪದರವಾಗುತ್ತದೆ. ಮಳೆ ಬೀಳುವ ನಾಡಿನಲ್ಲಿ ಇದು ತೊಳೆದುಹೋಗುತ್ತದೆ, ಮಕ್ರಾನಿನಲ್ಲಿ ತಿಂಗಳುಗಟ್ಟಲೆ ಕೂತೇ ಇರುತ್ತದೆ.

ಅಂಕಿ ಹಾಕಿ ನೋಡೋಣ. 8ನೇ ನಂಬರಿನ ತಂತಿಯ ರೋಧ, ಅಂದರೆ ಪ್ರವಾಹಕ್ಕೆ ಒಡ್ಡುವ ಅಡ್ಡಿ, ಮೈಲಿಗೆ 12 ಓಮ್ ಅಂದುಕೊಳ್ಳಿ. ಮೈಲಿಗೆ 20 ಇನ್ಸುಲೇಟರ್. ಒಣಗಿದ್ದಾಗ ಒಂದೊಂದರ ರೋಧ 100 ಮೆಗಓಮ್ ಇದ್ದರೆ, 400 ಮೈಲಿ ಒಂದೇ ಬೀಸಿಗೆ ಎಳೆದರೂ, ಸೋರಿಕೆಯೇ ಇಲ್ಲದಿದ್ದರೆ ಬರಬೇಕಿದ್ದ ಪ್ರವಾಹದ ನೂರಕ್ಕೆ 94 ಪಾಲು ಆ ತುದಿ ಮುಟ್ಟುತ್ತದೆ. ಅದೇ ಇನ್ಸುಲೇಟರ್ ಉಪ್ಪು ಇಬ್ಬನಿಯಲ್ಲಿ 1 ಮೆಗಓಮಿಗೆ ಇಳಿದರೆ ಮುಟ್ಟುವುದು ನೂರಕ್ಕೆ 3 ಪಾಲೂ ಇಲ್ಲ. ಕಂಬ ಬಿದ್ದಿಲ್ಲ, ತಂತಿ ಹರಿದಿಲ್ಲ, ಆದರೂ ಆ ತುದಿಯಲ್ಲಿ ಸಂಕೇತ ಹಿಡಿಯುವ ರಿಲೇ ಕದಲುವುದಿಲ್ಲ. ಬ್ಯಾಟರಿಯ ಸೆಲ್ಲು ಹೆಚ್ಚಿಸಿದರೆ? ಸೋರಿಕೆಯೂ ಅಷ್ಟೇ ಹೆಚ್ಚುತ್ತದೆ, ಪಾಲು ಬದಲಾಗುವುದಿಲ್ಲ.

ಈಗ ಅದೇ ಕೆಟ್ಟ ರಾತ್ರಿಯಲ್ಲಿ ಸಾಲನ್ನು 100 ಮೈಲಿಗೆ ಕತ್ತರಿಸಿ. ಮೂರರಲ್ಲಿ ಎರಡು ಪಾಲು ಪ್ರವಾಹ ದಾಟುತ್ತದೆ. ಇದೊಂದೇ ಲೆಕ್ಕ ಊರುಗಳ ಪಟ್ಟಿಯನ್ನು ಬರೆಯುತ್ತದೆ: ಸುಮಾರು 100 ಮೈಲಿಯೊಳಗೆ ಒಂದು ಮನೆ, ಸಂದೇಶ ಹಿಡಿದು ಮುಂದಕ್ಕೆ ಕಳಿಸುವ ಇಬ್ಬರು ಸಿಗ್ನಲರ್, ಬ್ಯಾಟರಿ, ನೀರು. ಊರು ಇಲ್ಲದ ಕಡೆ ಊರನ್ನು ಹುಟ್ಟಿಸಬೇಕು, ಇಲ್ಲವೇ ಇದ್ದ ಊರಿಗೆ ಸಾಲನ್ನು ಬಾಗಿಸಬೇಕು.

ಹೊಂಗೆಮರ
ತಾಂತ್ರಿಕವಲ್ಲದ ಪ್ರಶ್ನೆ. ಕಂಬವೇ ಇಷ್ಟು ಭಾರದ ಸಮಸ್ಯೆ ಅಂದರೆ ಅಲ್ಲೇ ಸಿಗುವ ಖರ್ಜೂರದ ಮರ ಯಾಕೆ ಬಳಸಲಿಲ್ಲ? ಇಲ್ಲವೇ ಕಲ್ಲು? ಭಾರತದ ಮೊದಲ ತಂತಿ ಸಾಲುಗಳನ್ನು ಹಾಕಿಸಿದ ಓಶಾನೆಸಿ ಕಾಲದಲ್ಲಿ ಬೆಂಗಳೂರು–ಮದ್ರಾಸಿನ ಕಡೆ ಗ್ರಾನೈಟ್ ಕಂಬ ನಿಲ್ಲಿಸಿ ತಂತಿ ಎಳೆದಿದ್ದರಲ್ಲ.

ದೋಣಿಕಟ್ಟೆ
ಖರ್ಜೂರದ ಕಾಂಡಕ್ಕೆ ಗಟ್ಟಿ ತಿರುಳಿಲ್ಲ, ಬರೀ ನಾರು. ನೆಲದ ಮಟ್ಟದಲ್ಲಿ ತೇವ ಹೀರಿ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ, ಇನ್ಸುಲೇಟರಿನ ಸ್ಕ್ರೂ ನಾರಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಖರ್ಜೂರ ಅಲ್ಲಿಯವರ ಊಟ. ಫಲ ಬಿಡುವ ಮರ ಕಡಿಯಲು ಕೇಳಿದರೆ ಆ ಊರಿನ ಜೊತೆ ಮಾತುಕತೆ ಅಲ್ಲಿಗೇ ಮುಗಿಯಿತು.

ನಮ್ಮ ಕಡೆ ಗ್ರಾನೈಟ್ ಉದ್ದುದ್ದ ಸೀಳುತ್ತದೆ, ಬೆಣೆ ಹೊಡೆದು 16 ಅಡಿಯ ಕಂಬ ತೆಗೆಯುವ ಕಲ್ಲುಕುಟಿಗರು ಊರೂರಿಗೆ ಇದ್ದರು, ಗಾಡಿದಾರಿ ಇತ್ತು. ಮಕ್ರಾನಿನ ಗುಡ್ಡಗಳು ಮೆತ್ತನೆಯ ಜೇಡಿಪದರ, ಮೇಲೆ ಮರಳುಗಲ್ಲಿನ ಟೊಪ್ಪಿಗೆ. ಕಂಬದಷ್ಟು ಉದ್ದ ತೆಗೆದರೆ ಮುರಿಯುತ್ತದೆ. ಮುರಿಯದಿದ್ದರೂ ಒಂಟೆಯ ಮೇಲೆ 16 ಅಡಿ ಕಲ್ಲು ಹೇರುವುದು ಹೇಗೆ?

ಒಳದಾರಿ
ಕಬ್ಬಿಣದ ಕಂಬ ಒಂಟೆಗೆ ಹೊಂದಿದ್ದಕ್ಕೆ ಅದರ ಕಟ್ಟೋಣವೇ ಕಾರಣ. ಸೀಮೆನ್ಸ್ ಮಾದರಿಯಲ್ಲಿ ತಳಕ್ಕೆ ಉಬ್ಬುತಗ್ಗಿನ ಒಂದು ತಟ್ಟೆ, ಅದರ ಮೇಲೆ ಎರಕದ ಕಬ್ಬಿಣದ ಕೆಳಕೊಳವೆ, ಅದರೊಳಗೆ ಕೂರುವ ಮೆದುಕಬ್ಬಿಣದ ಮೇಲ್ಕೊಳವೆ, ತುದಿಗೆ ಸಿಡಿಲಿನ ಮೊಳೆ. ಎಲ್ಲ ಬಿಡಿಬಿಡಿ. ಸ್ಥಳದಲ್ಲಿ ಗಂಧಕ ಮತ್ತು ಕಬ್ಬಿಣದ ಆಕ್ಸೈಡ್ ಕಾಯಿಸಿ ಸಂದಿಗೆ ಸುರಿದು ಬೆಸೆಯುತ್ತಾರೆ. ತಳದ ತಟ್ಟೆ ಸಡಿಲ ಮರಳಿನಲ್ಲಿ ಬಲು ಉಪಯೋಗ. ಕಂಬ ಕುಸಿಯದಂತೆ ಭಾರ ಹರಡುತ್ತದೆ, ಮೇಲೆ ತುಂಬಿದ ಮಣ್ಣು ಅದನ್ನು ಅದುಮಿ ಹಿಡಿಯುತ್ತದೆ.

ಪರ್ಷಿಯಾದ ಟೆಹರಾನ್–ಬುಶೈರ್ ಸಾಲಿನಲ್ಲಿ ಮೊದಲು ಮರದ ಕಂಬವನ್ನೇ ನೆಟ್ಟರು, 1864ರಲ್ಲಿ ಸಾಲು ಮುಗಿಯಿತು. ಬೇಗ ಹಾಳಾದವು, ಕ್ರಮೇಣ ಕಬ್ಬಿಣ ಬಂತು. ಅಲ್ಲಿ ಇನ್ನೊಂದು ಕಾಟ, ದಾರಿಹೋಕರು ಇನ್ಸುಲೇಟರಿಗೆ ಗುರಿಯಿಟ್ಟು ಗುಂಡು ಹೊಡೆಯುವುದು. ಸರ್ವೆಯವರು ಕ್ಯಾರವಾನ್ ದಾರಿಯಿಂದ ಸಾಲನ್ನು ಎಷ್ಟು ದೂರ ಇಡಬೇಕು ಅನ್ನುವ ಗೊಂದಲಕ್ಕೆ ಬಿದ್ದದ್ದು ಇದರಿಂದಲೇ. ದಾರಿಗೆ ಅಂಟಿಕೊಂಡರೆ ರಿಪೇರಿಯವನಿಗೆ ಸುಲಭ, ಗುಂಡಿಗೂ ಸುಲಭ. ದೂರ ಹೋದರೆ ಎರಡೂ ಕಷ್ಟ. ಕಣ್ಣಿಗೆ ಕಾಣುವಷ್ಟು ಹತ್ತಿರ ಇರಲಿ, ಕುದುರೆಯ ಮೇಲೆ ಬರುವ ಲೈನ್‌ಮನ್ ಒಂದೊಂದು ಕಂಬವನ್ನೂ ನೋಡುತ್ತ ಸಾಗಲಿ ಅನ್ನುವುದೇ ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ. ಕಾಣದ ದೋಷಕ್ಕಿಂತ ಕಾಣುವ ದೋಷ ಮೇಲು.

ಗಡಿಕಲ್ಲು
ಕಂಬ, ನೀರು, ಉಪ್ಪು ಆಯಿತು. ಮಾಲಾನ್ ಗುಡ್ಡದ ಬಗ್ಗೆ ಯಾರೂ ಮಾತಾಡಿಲ್ಲ. ಕರಾಚಿ–ಗ್ವಾದರ್ ನಡುವೆ ನಕ್ಷೆಯಲ್ಲಿ ನನಗೆ ಅತಿ ಕಷ್ಟ ಅನಿಸುವುದು ಹಿಂಗೋಳ ನದಿಯಿಂದ ಓರ್ಮಾರಾದವರೆಗಿನ ತುಂಡು.

ಒಳದಾರಿ
ಹೌದು. ಹಿಂಗ್ಲಾಜ್ ದೇವಿಯ ಯಾತ್ರೆಯವರಿಗೆ ಹಿಂಗೋಳದವರೆಗಿನ ದಾರಿ ಗೊತ್ತು, ಶತಮಾನಗಳ ಕಾಲುದಾರಿ. ಅದನ್ನು ದಾಟಿದ ಮೇಲೆ ರಾಸ್ ಮಾಲಾನ್ ಗುಡ್ಡ ನೇರವಾಗಿ ಸಮುದ್ರಕ್ಕೆ ಬೀಳುತ್ತದೆ, ದಂಡೆಯೇ ಇಲ್ಲ. ಅಲೆಕ್ಸಾಂಡರನ ಸೈನ್ಯ ತೀರ ಬಿಟ್ಟು ಒಳಕ್ಕೆ ತಿರುಗಬೇಕಾದದ್ದು ಈ ಗುಡ್ಡದಿಂದ ಅಂತ ಇತಿಹಾಸಕಾರರು ಹೇಳುತ್ತಾರೆ.

ಒಂಟೆ ಹತ್ತುವ ದಾರಿಯೇ ತಂತಿ ಹತ್ತುವ ದಾರಿ ಆಗಬೇಕಿಲ್ಲ, ಈ ವ್ಯತ್ಯಾಸ ಮುಖ್ಯ. ತಂತಿ ಕಮರಿಯನ್ನು ಹಾರಬಲ್ಲದು. ಒಂಟೆದಾರಿ ಸುತ್ತಿ ಸುತ್ತಿ ಹೋದ ಕಡೆ ಎರಡು ಬಂಡೆಮೂಲೆಗಳ ನಡುವೆ ಒಂದೇ ಉದ್ದ ಬೀಸು ಎಳೆದರೆ ಹತ್ತು ಕಂಬ ಉಳಿಯುತ್ತದೆ. ಆದರೆ ಆ ಎರಡು ಮೂಲೆಗೂ ಮನುಷ್ಯ ಹತ್ತಿ ಇಳಿಯುವ ದಾರಿ ಇರಬೇಕು, ಇಲ್ಲದಿದ್ದರೆ ಮೊದಲ ಸಲ ಹರಿದಾಗ ಅದು ಹಾಗೇ ಉಳಿಯುತ್ತದೆ. ಮೆತ್ತನೆಯ ಗುಡ್ಡದ ಅಂಚು ಪ್ರತಿ ಮಳೆಗೂ ಕುಸಿಯುತ್ತದೆ, ಕಂಬವನ್ನು ಅಂಚಿನಿಂದ ಸಾಕಷ್ಟು ಹಿಂದಕ್ಕೆ ಇಡಬೇಕು.

ನದಿಗಳದ್ದು ಬೇರೆಯೇ ಲೆಕ್ಕ. ಹಿಂಗೋಳದಲ್ಲಿ ವರ್ಷವಿಡೀ ನೀರಿದೆ. ಉಳಿದವು ಬಹುಪಾಲು ಒಣ ಜಲ್ಲಿಹಾಸು. ಮಕ್ರಾನಿನ ಮಳೆ ಹೆಚ್ಚಾಗಿ ಚಳಿಗಾಲದ್ದು, ಗುಡ್ಡದಲ್ಲಿ ಸುರಿದರೆ ಕೆಲವೇ ಗಂಟೆಯಲ್ಲಿ ಜಲ್ಲಿಹಾಸು ಪೂರ್ತಿ ತುಂಬಿ ಹರಿಯುತ್ತದೆ. ಒಣಗಿದ್ದಾಗ ಸರ್ವೆ ಮಾಡುವವರು ನೋಡಬೇಕಾದ್ದು ನದಿಯ ಪಾತ್ರವನ್ನಲ್ಲ, ದಡದ ಪೊದೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿಯ ಎತ್ತರವನ್ನು. ಕಳೆದ ಪ್ರವಾಹ ಎಲ್ಲಿಗೆ ಬಂದಿತ್ತು ಅನ್ನುವುದಕ್ಕೆ ಬೇರೆ ದಾಖಲೆ ಸಿಗದ ಸೀಮೆ ಅದು. ಕಂಬ ಆ ಗೆರೆಯ ಮೇಲಿರಬೇಕು, ಪಾತ್ರದ ನಡುವೆ ಒಂದೂ ಇರಬಾರದು.

ತಾಮ್ರತಟ್ಟೆ
ನಾನು ಸ್ಟೇಷನ್ನಿನ ಒಳಗಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಯಾವ ಊರಿನಲ್ಲಿ ಮನೆ ಮಾಡಬೇಕು ಅನ್ನುವುದನ್ನು ಅದೂ ನಿರ್ಧರಿಸುತ್ತದೆ.

ತಂತಿ ಒಂದೇ, ವಾಪಸು ದಾರಿ ನೆಲ. ಎರಡೂ ತುದಿಯಲ್ಲಿ ತಾಮ್ರದ ತಟ್ಟೆಯನ್ನು ಭೂಮಿಯಲ್ಲಿ ಹೂಳಬೇಕು, ಅದು ಸದಾ ತೇವದಲ್ಲಿರಬೇಕು. ಒಣಮರಳು ವಿದ್ಯುತ್ತನ್ನು ಬಿಡುವುದೇ ಇಲ್ಲ. ಕರಾವಳಿಯಲ್ಲಿ ಇದು ಸಲೀಸು, ಭರತದ ನೀರು ಮುಟ್ಟುವಲ್ಲಿ ತಟ್ಟೆ ಹೂತರೆ ಆಯಿತು. ಒಳನಾಡಿನ ಮರುಭೂಮಿ ಊರಿನಲ್ಲಿ ನೀರಿನ ಮಟ್ಟ ಎಷ್ಟೋ ಆಳದಲ್ಲಿದ್ದರೆ ಬಾವಿಯ ತಳಕ್ಕೇ ತಟ್ಟೆ ಇಳಿಸಬೇಕು. ಅಂದರೆ ಸ್ಟೇಷನ್ನಿಗೆ ಆರಿಸುವ ಮನೆಗೆ ಬಾವಿ ಹತ್ತಿರ ಇರಬೇಕು, ಅದು ಬೇಸಿಗೆಯಲ್ಲಿ ಬತ್ತಬಾರದು.

ಇನ್ನು ಬ್ಯಾಟರಿ. ಭಾರತದ ಇಲಾಖೆಯಲ್ಲಿ ಮುಂದೆ ಬಹಳ ಬಳಕೆಯಾದ ಮಿನೊಟ್ಟೊ ಸೆಲ್ ನೋಡಿ: ಜಾಡಿಯ ತಳದಲ್ಲಿ ತಾಮ್ರದ ಬಿಲ್ಲೆ, ಅದರ ಮೇಲೆ ಮೈಲುತುತ್ತದ ಹರಳು, ಬಟ್ಟೆ, ಒದ್ದೆ ಮರಳು ಅಥವಾ ಮರದ ಪುಡಿಯ ದಪ್ಪ ಪದರ, ಮೇಲೆ ಸತುವಿನ ಬಿಲ್ಲೆ. ಒಂದು ಸೆಲ್ಲಿಗೆ 1 ವೋಲ್ಟಿಗೆ ಸ್ವಲ್ಪ ಮೇಲೆ. ಜಾಡಿಯೊಳಗೆ ತೆರೆದ ದ್ರವ ಕಡಿಮೆ, ಕೊಂಡೊಯ್ಯುವಾಗ ತುಳುಕಿ ಎರಡು ದ್ರವ ಬೆರೆಯುವ ಭಯವಿಲ್ಲ. ಆದರೆ ಮರುಭೂಮಿಯ ಸೆಕೆಗೆ ಮೇಲಿನ ನೀರು ಆರುತ್ತಲೇ ಇರುತ್ತದೆ. ಆರಿದರೆ ಸೆಲ್ಲಿನ ಒಳರೋಧ ಏರುತ್ತದೆ, ಮೊದಲು ಸದ್ದು ಕ್ಷೀಣ, ಆಮೇಲೆ ಮೌನ. ಸಿಹಿನೀರು ಹಾಕಬೇಕು, ಉಪ್ಪುನೀರು ಸುರಿದರೆ ಸತು ಸುಮ್ಮಸುಮ್ಮನೆ ಸವೆಯುತ್ತದೆ. ಕುಡಿಯುವ ನೀರಿನ ಪಾಲಿನಲ್ಲಿ ಬ್ಯಾಟರಿಗೂ ಒಂದು ಪಾಲು ಅಂತ ಲೆಕ್ಕ ಹಿಡಿಯಬೇಕು.

ಹೊಂಗೆಮರ
ಇಷ್ಟೆಲ್ಲ ಸರಿ, ಆದರೆ ನೆಲ ಯಾರದ್ದು? ಪ್ರತಿ ಊರಿನಲ್ಲೂ ಬೇರೆ ಬೇರೆ ಒಡೆಯರು ಇದ್ದರು ಅಂತ ಓದಿದ್ದೇನೆ.

ಗಡಿಕಲ್ಲು
ಪೂರ್ವದಿಂದ ಪಶ್ಚಿಮಕ್ಕೆ ಹೇಳುತ್ತೇನೆ. ಹಬ್ ನದಿ ದಾಟಿದರೆ ಲಾಸ್ ಬೇಲಾದ ಜಾಮ್. ಅದರಾಚೆ ಕಲಾತಿನ ಖಾನರ ಮೇಲಧಿಕಾರ, ಹೆಸರಿಗೆ ಮಾತ್ರ ಅನ್ನುವಷ್ಟು, ನಿಜವಾದ ಮಾತು ಸ್ಥಳೀಯ ಸರದಾರರದ್ದು. ಗ್ವಾದರ್ 18ನೇ ಶತಮಾನದ ಕೊನೆಯಿಂದ ಮಸ್ಕತ್ ಸುಲ್ತಾನರ ಕೈಯಲ್ಲಿತ್ತು, 1958ರವರೆಗೂ ಹಾಗೇ ಇತ್ತು. ಚಾಬಹಾರವೂ 1872ರವರೆಗೆ ಮಸ್ಕತಿನದ್ದೇ. ಅದರ ಸುತ್ತಲಿನ ಸೀಮೆಯ ಮೇಲೆ ಪರ್ಷಿಯಾದ ಹಕ್ಕುಸಾಧನೆ, ಪರ್ಷಿಯಾದವರು ಕೇಜ್ ಕೂಡ ತಮ್ಮದೇ ಅನ್ನುತ್ತಿದ್ದರು.

ಹಾಗಾಗಿ ಒಂದು ಸಾಲಿಗೆ ಹಲವು ಒಪ್ಪಂದ. ಜಾಮ್ ಜೊತೆ, ಖಾನ್ ಜೊತೆ, 1864ರಲ್ಲಿ ಮಸ್ಕತ್ ಜೊತೆ. ಗ್ವಾದರಿನಿಂದ ಪರ್ಷಿಯಾದ ಕರಾವಳಿಯ ಜಾಸ್ಕಿಗೆ ಸಾಲು ಮುಂದುವರಿಸಲು 1868ರಲ್ಲಿ ಪರ್ಷಿಯಾದೊಡನೆ ಆದ ಒಪ್ಪಂದದಲ್ಲಿ ವರ್ಷಕ್ಕೆ 3,000 ತುಮಾನ್ (ಪರ್ಷಿಯಾದ ಹಣ) ಕೊಡುವುದಾಯಿತು. ಎರಡು ಕಡೆಯವರೂ ತಮ್ಮದು ಅನ್ನುವ ಊರಿನಲ್ಲಿ ತಂತಿ ಕಡಿದರೆ ಯಾರನ್ನು ಹೊಣೆ ಮಾಡುವುದು ಅನ್ನುವ ಪ್ರಶ್ನೆ ಬಗೆಹರಿಯದೆ ಉಳಿಯಿತು. 1871ರಲ್ಲಿ ಗೋಲ್ಡ್‌ಸ್ಮಿಡ್ ಅವರೇ ಮುಂದಾಳಾಗಿ ಮಕ್ರಾನಿನ ಗಡಿ ಗುರುತಿಸಿದಾಗ ಕೇಜ್ ಕಲಾತಿನ ಕಡೆ ಉಳಿಯಿತು. ಆ ಗಡಿಯ ಹಿಂದೆ ತಂತಿಯ ಕಾವಲಿನ ಅಗತ್ಯ ದೊಡ್ಡದಿತ್ತು ಅನ್ನುವುದು ನನ್ನ ತಿಳುವಳಿಕೆ.

ನನ್ನ ಮೊದಲ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರ ಸಿಕ್ಕಿತು. ಕೇಜ್ ದಾರಿ ಹಿಡಿದಿದ್ದರೆ 1861ರಲ್ಲೇ ಆ ತಕರಾರಿನ ನಟ್ಟನಡುವೆ ಕಂಬ ನೆಡಬೇಕಿತ್ತು.

ಒಂದು ಸಣ್ಣ ನಂಟು: ಈ ಗಡಿ ಕೆಲಸದಲ್ಲಿದ್ದ, ಅದಕ್ಕೆ ಮೊದಲು ಪರ್ಷಿಯಾದ ತಂತಿ ಸಾಲಿನಲ್ಲಿ ದುಡಿದ ಆಲಿವರ್ ಸೇಂಟ್ ಜಾನ್ 1889ರಲ್ಲಿ ಮೈಸೂರಿನ ರೆಸಿಡೆಂಟ್ ಮತ್ತು ಕೊಡಗಿನ ಚೀಫ್ ಕಮಿಷನರ್ ಆಗಿ ಬಂದರು.

ಅಕ್ಷಾಂಶ
ಕರಾವಳಿಯವರು ಬಹಳ ಹೊತ್ತು ಮಾತಾಡಿದಿರಿ. ಒಳನಾಡಿನ ದಾರಿಯನ್ನು ಅವರು ನೋಡದೆ ಬಿಟ್ಟವರಲ್ಲ. 1866ರಲ್ಲಿ ಗೋಲ್ಡ್‌ಸ್ಮಿಡ್ ಇಸ್ಫಹಾನಿನಿಂದ ಯಜ್ದ್, ಕೆರ್ಮಾನ್, ಬಮ್, ಬಂಪುರ್ ಹಾದು ಚಾಬಹಾರಕ್ಕೆ ಇಳಿದರು. ಕೊಲ್ಲಿಯ ಕೇಬಲ್ಲನ್ನು ಬಿಟ್ಟು ಪೂರ್ತಿ ನೆಲದ ಮೇಲೆ ಹೋಗಬಹುದೇ ಅನ್ನುವುದು ಪ್ರಶ್ನೆ.

ಅಂಥ ದಾರಿಯಲ್ಲಿ ಅಳತೆ ಹೇಗೆ? ಸ್ಥಳೀಯರು ಹೇಳುವ ದೂರ ಫರ್ಸಖ್‌ನಲ್ಲಿ, ಸುಮಾರು 6 ಕಿಲೋಮೀಟರ್, ಆದರೆ ಅದು ಹೇಸರಗತ್ತೆಯ ಒಂದು ಗಂಟೆಯ ನಡಿಗೆ. ಬಯಲಿನಲ್ಲಿ ಉದ್ದ, ಏರಿನಲ್ಲಿ ಗಿಡ್ಡ. ತಂತಿಯ ಖರೀದಿಗೆ ಅದನ್ನು ನಂಬಿದರೆ ನೂರು ಮೈಲಿಗೆ ಹತ್ತು ಹದಿನೈದು ಮೈಲಿ ತಪ್ಪಬಹುದು. ಅದಕ್ಕೆ ಹಗಲು ಪ್ರಿಸ್ಮ್ ದಿಕ್ಸೂಚಿಯಿಂದ ಪ್ರತಿ ತಿರುವಿನ ದಿಕ್ಕು, ಗಡಿಯಾರ ಹಿಡಿದು ಒಂಟೆಯ ವೇಗ. ಒಂಟೆಯ ಹೆಜ್ಜೆ ಕುದುರೆಗಿಂತ ಸಮ, ಗಂಟೆಗೆ ಎರಡೂವರೆ ಮೈಲಿ ಹಿಡಿದರೆ ಹೆಚ್ಚು ಏರುಪೇರಾಗದು. ರಾತ್ರಿ ಪಾದರಸದ ತಟ್ಟೆಯಲ್ಲಿ ನಕ್ಷತ್ರದ ಪ್ರತಿಬಿಂಬ ಹಿಡಿದು, ಕೋನ ಅಳೆಯುವ ಸೆಕ್ಸ್‌ಟಂಟಿನಿಂದ ಅಕ್ಷಾಂಶ. ಗಾಳಿ ಇದ್ದರೆ ಪಾದರಸ ನಡುಗುತ್ತದೆ, ಮೇಲೆ ಗಾಜಿನ ಮುಚ್ಚಳ ಬೇಕು. ಇಸ್ಫಹಾನ್–ಯಜ್ದ್–ಕೆರ್ಮಾನ್ ದಾರಿ ಆಗ್ನೇಯಕ್ಕೆ ಓಡುವುದರಿಂದ ಅಕ್ಷಾಂಶವೊಂದೇ ದೂರದ ತಪ್ಪನ್ನು ಚೆನ್ನಾಗಿ ತಿದ್ದುತ್ತದೆ. ಮಕ್ರಾನ್ ಕರಾವಳಿ ಪೂರ್ವ-ಪಶ್ಚಿಮ ಓಡುತ್ತದೆ, ಅಲ್ಲಿ ಅಕ್ಷಾಂಶದಿಂದ ಏನೂ ತಿಳಿಯದು, ರೇಖಾಂಶ ಹಿಡಿಯಲು ಕ್ರೋನೋಮೀಟರೇ (ಅತಿ ನಿಖರ ಗಡಿಯಾರ) ಬೇಕು.

ಎತ್ತರಕ್ಕೆ ಅನೆರಾಯ್ಡ್ ವಾಯುಭಾರಮಾಪಕ ಮತ್ತು ನೀರು ಕುದಿಯುವ ಉಷ್ಣತೆ. 300 ಮೀಟರ್ ಏರಿದರೆ ಕುದಿಯುವ ಬಿಂದು ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಯಜ್ದ್ 1,200 ಮೀಟರ್, ಕೆರ್ಮಾನ್ 1,750, ಬಮ್ 1,060 ಹತ್ತಿರ. ಕೆರ್ಮಾನಿನಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ.

ಆ ಊರುಗಳ ವಿಶೇಷ ಖನಾತ್‌ಗಳು. ಗುಡ್ಡದ ಬುಡದಿಂದ ಊರಿನವರೆಗೆ ನೆಲದಡಿಯ ಸುರಂಗ ಕಾಲುವೆ, ಮೇಲೆ ಸಾಲಾಗಿ ಗಾಳಿಬಾವಿಗಳು, ಬಾಯಿ ಸುತ್ತ ಮಣ್ಣಿನ ದಿಣ್ಣೆ. ಸರ್ವೆಯವರಿಗೆ ಅದು ದಾರಿಗುರುತು, ನೀರಿನ ಆಧಾರ. ಆದರೆ ಕಂಬದ ಗುಂಡಿಯನ್ನು ಆ ಸಾಲಿನ ಮೇಲೆ ತೋಡಿದರೆ ಸುರಂಗದ ಮಾಡು ಕುಸಿದು ಊರಿನ ನೀರು ನಿಲ್ಲಬಹುದು. ಹಳೆಯ, ಬಿಟ್ಟುಹೋದ ಖನಾತ್‌ಗಳ ದಿಣ್ಣೆ ಸವೆದು ಮಾಯವಾಗಿರುತ್ತದೆ, ಅವು ಇನ್ನೂ ಅಪಾಯ. ಊರಿನ ಖನಾತ್ ತೋಡುವವರನ್ನು ಜೊತೆಗೆ ಕರೆದುಕೊಂಡು ಗೂಟ ನೆಡಬೇಕು.

ಕವೀರ್, ಅಂದರೆ ಉಪ್ಪಿನ ಕೆಸರಿನ ಬಯಲು, ನೋಡಲು ಚಪ್ಪಟೆ ಮತ್ತು ನೇರ. ಬೇಸಿಗೆಯಲ್ಲಿ ಹೆಪ್ಪು ಗಟ್ಟಿಯಾಗಿ ಒಂಟೆ ನಡೆಯುತ್ತದೆ, ಚಳಿಗಾಲದ ಮಳೆಗೆ ಆಳ ಕೆಸರು. ಅಲ್ಲಿ ಕಂಬ ವಾಲುತ್ತದೆ, ಕಬ್ಬಿಣವನ್ನು ಉಪ್ಪು ನೆಲದ ಮಟ್ಟದಲ್ಲೇ ತಿನ್ನುತ್ತದೆ. ಸುತ್ತಿಬಳಸಿ ಜಲ್ಲಿಯ ಇಳಿಜಾರಿನಲ್ಲಿ ಹೋಗುವುದೇ ವಾಸಿ.

ಓಮ್_ಮೈಲಿ
ಒಳನಾಡಿನ ದಾರಿಗೆ ಇನ್ನೊಂದು ತೊಡಕು ಸೇರಿಸಿ, ಚಳಿ ಸೆಕೆಯ ಅಂತರ. ಕರಾವಳಿಯಲ್ಲಿ ಅದು ಕಡಿಮೆ. ಯಜ್ದ್, ಕೆರ್ಮಾನ್ ಕಡೆ ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗೆ, ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ. 45 ಡಿಗ್ರಿ ಅಂತರ ಹಿಡಿಯೋಣ.

ಎರಡು ಕಂಬಗಳ ನಡುವೆ 80 ಮೀಟರ್ ಬೀಸು, ಅದೇ 4.2 ಮಿಲಿಮೀಟರ್ ತಂತಿ. ಚಳಿಯಲ್ಲಿ 140 ಕಿಲೋ ಎಳೆತ ಇಟ್ಟರೆ ನಡುವಿನ ಜೋಲು ಸುಮಾರು 60 ಸೆಂಟಿಮೀಟರ್. ತಂತಿ ಹಿಗ್ಗುವುದು, ಎಳೆತ ಕಡಿಮೆಯಾದಾಗ ಕುಗ್ಗುವುದು, ಎರಡನ್ನೂ ಸೇರಿಸಿ ಲೆಕ್ಕ ಮಾಡಿದರೆ ಬೇಸಿಗೆಯಲ್ಲಿ ಜೋಲು 1.05 ಮೀಟರ್ ಆಗುತ್ತದೆ. ಈಗ ತಿರುಗಿಸಿ ನೋಡಿ. ಬೇಸಿಗೆಯ ಮಧ್ಯಾಹ್ನ ತಂಡದವರು ಚೆಂದ ಕಾಣಲಿ ಅಂತ 60 ಸೆಂಟಿಮೀಟರಿಗೆ ಎಳೆದು ಕಟ್ಟಿದರೆ ಚಳಿಗಾಲದ ರಾತ್ರಿ ಎಳೆತ 250 ಕಿಲೋ ಹತ್ತಿರ ಏರುತ್ತದೆ. ತಂತಿ 500–550 ಕಿಲೋಗೆ ಹರಿಯುವಂಥದ್ದು, ನಡುವೆ ಸೀದಾ ಹರಿಯುವುದಿಲ್ಲ. ಹರಿಯುವುದು ಜೋಡಣೆಯಲ್ಲಿ. ಗಾಳಿ ಬೇರೆ ಸೇರಿದರೆ ಬೆಸುಗೆ ಕಳಚುತ್ತದೆ, ತಿರುವಿನ ಕಂಬ ವಾಲುತ್ತದೆ. ಸರ್ವೆಯ ವರದಿಯಲ್ಲಿ ಊರೂರಿನ ಚಳಿ ಸೆಕೆ ಬರೆಯುತ್ತಿದ್ದುದು ಹವಾಮಾನದ ಕುತೂಹಲಕ್ಕಲ್ಲ.

ದೋಣಿಕಟ್ಟೆ
ಕೊನೆಗೆ ಆದದ್ದೇನು ಅಂದರೆ ನಡುವಿನ ದಾರಿ. ಕರಾವಳಿಯ ಸಾಲನ್ನೇ ಗ್ವಾದರಿನಿಂದ ಚಾಬಹಾರ ಮೂಲಕ ಜಾಸ್ಕಿಗೆ ಮುಂದುವರಿಸಿದರು, 1869ರಲ್ಲಿ ಮುಗಿಯಿತು. ಜಾಸ್ಕಿನಿಂದ ಬುಶೈರಿಗೆ ಕೇಬಲ್. ಇದರಿಂದ ಮುಸಂದಮ್‌ನ ಕೊಲ್ಲಿಯೊಳಗಿನ ಟೆಲಿಗ್ರಾಫ್ ದ್ವೀಪ ಬಿಟ್ಟರು. ಸುತ್ತ ಬಂಡೆಗೋಡೆ, ಗಾಳಿ ಇಲ್ಲದ ಸೆಕೆ, ನೀರೆಲ್ಲ ಹೊರಗಿನಿಂದ. ಅಂಥ ಜಾಗದಲ್ಲಿ ಸಿಗ್ನಲರ್‌ಗಳನ್ನು ಇರಿಸುವುದೇ ತಪ್ಪಾಗಿತ್ತು. ಯಜ್ದ್–ಕೆರ್ಮಾನ್ ಮೂಲಕ ಭಾರತಕ್ಕೆ ಹೋಗುವ ತಂತಿ ಬಂದದ್ದು 20ನೇ ಶತಮಾನದ ಮೊದಲ ವರ್ಷಗಳಲ್ಲಿ.

ಹೊಂಗೆಮರ
ಒಂದೇ ತಂತಿ, 100 ಮೈಲಿಗೆ ಒಂದು ಮನೆ. ನಡುವೆ ಎಲ್ಲೋ ಹರಿದರೆ ಎಲ್ಲಿ ಅಂತ ಗೊತ್ತಾಗುವುದು ಹೇಗೆ? ಪೂರ್ತಿ ನಡೆದೇ ಹುಡುಕಬೇಕೇ?

ತಾಮ್ರತಟ್ಟೆ
ಹರಿದ ತುದಿ ನೆಲಕ್ಕೆ ಬಿದ್ದು ಒದ್ದೆ ಉಪ್ಪುಮಣ್ಣಿನಲ್ಲಿ ಕೂತಿದ್ದರೆ ಅದೃಷ್ಟ. ಸ್ಟೇಷನ್ನಿನಿಂದ ತಂತಿಯ ರೋಧ ಅಳೆಯಿರಿ. 480 ಓಮ್ ಬಂದರೆ 12ರಿಂದ ಭಾಗಿಸಿ, 40 ಮೈಲಿ. ಆ ಕಡೆಯ ಸ್ಟೇಷನ್ನಿನವರೂ ಅಳೆಯುತ್ತಾರೆ, ಅವರಿಗೆ 60 ಮೈಲಿ ಬರಬೇಕು. ಎರಡೂ ಕೂಡಿಸಿ 100ಕ್ಕಿಂತ ಹೆಚ್ಚು ಬಂದರೆ ಆ ಹೆಚ್ಚುವರಿ, ತುದಿ ಬಿದ್ದ ನೆಲದ ರೋಧ. ಎರಡು ತುದಿಗೂ ಸಮ ಅಂತಿಟ್ಟುಕೊಂಡು ಅರ್ಧರ್ಧ ಕಳೆಯಬೇಕು. ಆದರೆ ತಂತಿ ಹರಿದಿರುವಾಗ ಅವರ ಅಂಕಿ ನಿಮಗೆ ಬರುವುದು ಹೇಗೆ? ಬರುವುದಿಲ್ಲ. ಅದಕ್ಕೇ ಎರಡೂ ಕಡೆಯಿಂದ ಲೈನ್‌ಮನ್ ಹೊರಡುತ್ತಾನೆ, ಒಬ್ಬ 40ನೇ ಮೈಲಿಗೆ, ಇನ್ನೊಬ್ಬ 60ನೇ ಮೈಲಿಗೆ.

ತುದಿ ಒಣಮರಳಿನಲ್ಲಿ ಬಿದ್ದಿದ್ದರೆ ಅಳತೆ ಉಪಯೋಗಕ್ಕೆ ಬಾರದು, ರೋಧ ಸಾವಿರಗಟ್ಟಲೆ ತೋರಿಸುತ್ತದೆ. ಆಗ ನಡೆಯಲೇಬೇಕು. ನಡೆಯುವವನ ಹೊರೆ ಹೀಗಿರುತ್ತಿತ್ತು ಅಂತ ಊಹಿಸಬಹುದು: 20–30 ಗಜ ತಂತಿ, ಎರಡು ಇನ್ಸುಲೇಟರ್, ಹಿಡಿಕಪ್ಪಿ, ಬೆಸುಗೆಯ ಸಾಮಾನು, ನೀರಿನ ಚರ್ಮಚೀಲ. ಕಪ್ಪಿ ಮರೆತರೆ ಒಬ್ಬನೇ ಆ ತಂತಿಯನ್ನು ಎಳೆದು ಕಟ್ಟಲು ಆಗುವುದಿಲ್ಲ.